ಮಾವನವರ ಮಿಸ್ ಕಾಲ್

ಧಾರವಾಡದ ಶಾಲೆಯ ಗೇಟಿನಲ್ಲಿ ಗುರುಪಾದ ನಿಂತಿದ್ದ. ಮದುವೆ ನಿಶ್ಚಯವಾದ ಮೇಲೆ ಅವನು ಹೇಳದೆ ಬಂದದ್ದು ಅದೇ ಮೊದಲು. ಪಾಠ ಮುಗಿಸಿ ಹೊರಬಂದ ಶಾಂಭವಿಗೆ ನಗು ಬಂತು. ಅವನ ಮುಖ ನೋಡಿದೊಡನೆ ಆ ನಗು ನಿಂತಿತು.

"ಅಪ್ಪಾರು ಹೋದ್ರು... ಮಧ್ಯಾಹ್ನ, ಅಂಗಡ್ಯಾಗ. ಎದಿ ಹಿಡಕೊಂಡು ಕುಂತವರು ಏಳಲಿಲ್ಲ."

ಅವಳ ಕೈಯಲ್ಲಿದ್ದ ಮೊಬೈಲು ಕೆಂಡದಂತಾಯಿತು.

ಹಳೇ ಹುಬ್ಬಳ್ಳಿಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ಗುರುಪಾದನ ತಂದೆ ಮಡಿವಾಳಪ್ಪನವರಿಗೆ ಸಕ್ಕರೆ ಕಾಯಿಲೆ. ವ್ಯಾಪಾರದಲ್ಲಿ ಊಟ ಮರೆಯುತ್ತಿದ್ದರು. ಭಾವೀ ಸೊಸೆಯೇ ಉಪಾಯ ಹೇಳಿಕೊಟ್ಟಿದ್ದಳು.

"ಉಂಡಕೂಡ್ಲೇ ಮಿಸ್ ಕಾಲ್ ಕೊಡ್ರಿ ಮಾವಾರ. ನನಗೊಂದು, ನಿಮ್ಮ ಮಗನಿಗೊಂದು. ನಾವು ಎತ್ತಂಗಿಲ್ಲ."

ಅವರು ನಕ್ಕಿದ್ದರು. "ಸಾಲ್ಯಾಗ ನೀ ಮಿಸ್. ತಡ ಆದ್ರ ನಿನ್ನ ಬಸ್ಸೂ ಮಿಸ್. ಈಗ ನಾ ಉಂಡದ್ದೂ ಮಿಸ್ ಕಾಲ್. ಇಂಗ್ಲಿಷಿನವರ ಹಂತ್ಯಾಕ ಬ್ಯಾರೆ ಶಬ್ದ ಇಲ್ಲೇನವ್ವಾ?"

ಇಂದು ಪಾಠದ ನಡುವೆ ಅವರ ಕರೆ ಬಂದಿತ್ತು. ಊಟವಾಯಿತೆಂದುಕೊಂಡಳು. ರಿಂಗು ನಿಲ್ಲಲಿಲ್ಲ. ಕಟ್ ಮಾಡುವುದನ್ನು ಮರೆತಿರಬೇಕೆಂದು ಸದ್ದು ಅಡಗಿಸಿ ಪಾಠ ಮುಂದುವರಿಸಿದ್ದಳು.

ನಾನು ಎತ್ತಿದ್ದರೆ...? ಪಕ್ಕದ ಅಂಗಡಿಯ ಅಸ್ಫಾಕನಿಗಾದರೂ ತಿಳಿಸಬಹುದಿತ್ತಲ್ಲ...

ಮಾವನವರನ್ನು ಮಣ್ಣು ಮಾಡುವಾಗ ಹೋದಳು. ಗುರುಪಾದನ ಕಡೆ ಕಣ್ಣೆತ್ತಲಾಗಲಿಲ್ಲ. ಆಮೇಲೆ ಅವನ ಕರೆಗಳನ್ನೂ ಎತ್ತಲಿಲ್ಲ. ಕೆಲವು ದಿನಗಳ ಮೇಲೆ ಅವರ ಹೆಸರಿನಲ್ಲಿ ನಡೆದ ಶಿವಗಣಾರಾಧನೆಗೂ ಹೋಗಲಿಲ್ಲ.

ಅಂದು ಸಂಜೆ ಅವನೇ ಅವಳ ಮನೆಗೆ ಬಂದ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ನಿಶ್ಚಯ ಆದ ಮ್ಯಾಲ ಸಾವು ಬಂತು, ಅಪಶಕುನ ಅಂದ್ರೇನು ನಿಮ್ಮ ಮನ್ಯಾಗ? ಹಂಗಿದ್ರ ಹೇಳಿಬಿಡು ಶಾಂಭವಿ. ನಾ ಸಿಟ್ಟಾಗಂಗಿಲ್ಲ."

"ಹಂಗಲ್ಲರಿ..." ಅವಳು ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. "ಎತ್ತಂಗಿಲ್ಲ ಅಂತ ಹೇಳಿದಾಕಿ ನಾನ. ಈಗ ನಿಮ್ಮ ಮನಿ ಹೊಸ್ತಿಲಾ ಹೆಂಗ ದಾಟ್ಲಿ?"

ಗುರುಪಾದ ಕಟ್ಟೆಯ ಮೇಲೆ ಕುಸಿದು ಕೂತ.

"ನನಗೂ ಮಾಡಿದ್ರು," ಎಂದ. "ಎಪಿಎಂಸಿಯಾಗ ಊಟಕ್ಕ ಕುಂತಿದ್ದೆ. ಅಪ್ಪಾರದೂ ಊಟ ಆತು ಅಂತ ತಿಳಕೊಂಡು ತುತ್ತು ನುಂಗಿದೆ. ಯಾರ ಮುಂದೂ ಹೇಳಿಲ್ಲ... ನಿನಗ ಗೊತ್ತಾದ್ರ ನನ್ನ ಮಾರಿ ನೋಡಂಗಿಲ್ಲ ಅಂತ ಹೆದರಿದ್ದೆ."

ಮಾವನವರು ಹೋದ ಮೇಲೆ ಅವಳು ಮೊದಲ ಬಾರಿಗೆ ಅವನ ಮುಖ ನೋಡಿದಳು. ಪಕ್ಕದಲ್ಲಿ ಕೂತು ಅವನ ಕೈ ಹಿಡಿದಳು.

"ಸಮಾಧಿಗೆ ಹೋಗೂಣ ನಡಿ. ಇಬ್ಬರೂ ಕೂಡಿ ತಪ್ಪಾತು ಅನ್ನೂಣ," ಎಂದ ಗುರುಪಾದ.

"ಮಾವಾರು ಬೈದ್ರ?"

"ನಿನಗ ಬೈಯಂಗಿಲ್ಲ. ನಾ ಇದ್ದೇನಲ್ಲ, ನನಗ ಬೈತಾರ."

ಹಸಿ ಮಣ್ಣಿನ ಮೇಲೆ ಬಿಲ್ವಪತ್ರೆ ಇಟ್ಟು ಇಬ್ಬರೂ ಕೈ ಮುಗಿದರು.

ಶಿವನೇ, ಅವರು ಕರೆದಾಗ ನಾವು ಓಗೊಡಲಿಲ್ಲ. ನೀನು ಓಗೊಡು ತಂದೆ. ಆ ಹಿರಿಯ ಜೀವಕ್ಕೆ ನಿನ್ನ ಪಾದದಲ್ಲಿ ಶಾಂತಿ ಕೊಡು.