ಹಾಲವ್ವನ ಗೊಂಬೆಮನೆ ಮತ್ತು ಬೆಂಕಿಹಕ್ಕಿ

ಬಹಳ ಹಿಂದಿನ ಮಾತು. ಏಳು ಬೆಟ್ಟಗಳ ನಡುವೆ ಮೇಘಾವತಿ ಎಂಬ ರಾಜ್ಯವಿತ್ತು. ಅಲ್ಲಿ ಹಾಲವ್ವ ಮತ್ತು ಕೆಂಚಯ್ಯ ಎಂಬ ಗಂಡಹೆಂಡಿರಿದ್ದರು. ಅವಳು ಮರದಲ್ಲಿ ಗೊಂಬೆ ಕೆತ್ತುವಳು, ಅವನು ದಾರ ಕಟ್ಟಿ ಕುಣಿಸುವನು.

ಏಳರಲ್ಲಿ ಒಂದು ಬೆಟ್ಟದ ಮೇಲೆ ಧೂಮಾಕ್ಷನೆಂಬ ಮಾಂತ್ರಿಕನಿದ್ದ. ಅವನಿಗೆ ರಾಜನೂ ಹೆದರುತ್ತಿದ್ದ. ಒಂದು ಸಲ ಹಾಲವ್ವ ಅವನದೇ ಗೊಂಬೆ ಮಾಡಿದಳು. ಗೊಂಬೆ ತನ್ನ ಗಡ್ಡವನ್ನೇ ತುಳಿದು ಧೊಪ್ಪನೆ ಬಿದ್ದಾಗ ಊರಿಗೆ ಊರೇ ನಕ್ಕಿತು. ಆ ನಗು ಬೆಟ್ಟದವರೆಗೂ ಕೇಳಿಸಿತು.

ಮರುದಿನ ಮಧ್ಯಾಹ್ನ ಇಬ್ಬರೂ ಹೊಳೆಗೆ ಹೋಗಿದ್ದಾಗ, ಆನೆಯಷ್ಟು ದೊಡ್ಡ ಬೆಂಕಿಹಕ್ಕಿಯೊಂದು ಹಾರಿಬಂದು ಅವರ ಮನೆಯ ಮೇಲೆ ಒಂದೇ ಒಂದು ಸಲ ರೆಕ್ಕೆ ಬಡಿಯಿತು. ಅವರು ಓಡಿಬರುವಷ್ಟರಲ್ಲಿ ಮನೆಯಿರಲಿಲ್ಲ. ಅಜ್ಜನ ಕಾಲದ ಅರವತ್ತು ಗೊಂಬೆಗಳೂ ಬೂದಿಯಾಗಿದ್ದವು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಉಳಿಯೊಂದೇ ಹಾಲವ್ವನಿಗೆ ಉಳಿದದ್ದು.

ಗಾಳಿಯಲ್ಲಿ ಧೂಮಾಕ್ಷನ ದನಿ ಕೇಳಿತು: "ಇನ್ನು ಗೊಂಬೆ ಕೆತ್ತುವುದಿಲ್ಲ ಎಂದು ಆಣೆ ಮಾಡು. ಇಲ್ಲದಿದ್ದರೆ ನೀನು ಕಟ್ಟಿದ್ದನ್ನೆಲ್ಲ ಸುಡುತ್ತೇನೆ."

"ಆಣೆ ಮಾಡಿಬಿಡೇ ಹಾಲಿ," ಎಂದ ಕೆಂಚಯ್ಯ. "ಜೀವ ಉಳಿದಿದೆ, ಅಷ್ಟು ಸಾಕು."

"ಮಾಡಲಾರೆ. ಮನೆ ಕಟ್ಟಿಕೊಂಡು, ಒಳಗೆ ಸುಮ್ಮನೆ ಕೂತು ಏನು ಮಾಡಲಿ? ನೀವೇ ಹೇಳಿ."

ಬಿದಿರು ಹುಲ್ಲು ತಂದು ಗುಡಿಸಲು ಕಟ್ಟಿದರು. ಹಾಲವ್ವ ಹೊಸ ಗೊಂಬೆ ಕೆತ್ತಲು ಕೂತಳು. ಮಧ್ಯಾಹ್ನ ಹಕ್ಕಿ ಬಂತು, ಗುಡಿಸಲು ಉರಿದುಹೋಯಿತು.

ನೆರೆಯವರು ಮಣ್ಣು ಹೊತ್ತು ತಂದರು. ಮಣ್ಣಿನ ಗೋಡೆ ಎದ್ದಿತು. ಮಧ್ಯಾಹ್ನ ಹಕ್ಕಿ ಬಂತು. ಗೋಡೆ ಬಿರಿಯಿತು, ಗೊಂಬೆಯ ಜೊತೆ ಹಾಲವ್ವನ ಎಡಗೈಯೂ ಬೆಂದಿತು.

ಅಂದು ಅವಳು ಅತ್ತಳು. "ಈ ಕೈಯಲ್ಲಿ ಮರ ಹಿಡಿಯಲಾರೆ. ನನ್ನಿಂದ ಆಗದು."

ಕೆಂಚಯ್ಯ ಅವಳ ಕೈಗೆ ಬೆಣ್ಣೆ ಸವರಿದ. "ಆಣೆ ಮಾಡು ಎಂದವನು ನಾನೇ. ತಪ್ಪಾಯಿತು. ನೀನು ಕೆತ್ತು, ಗೋಡೆಯ ಚಿಂತೆ ನನಗಿರಲಿ."

ಮೂರನೆಯ ಸಲ ಊರವರೆಲ್ಲ ಹೊಳೆಯಿಂದ ಕಲ್ಲು ಹೊತ್ತು ತಂದು ಗೋಡೆ ಕಟ್ಟಿದರು. ಮಧ್ಯಾಹ್ನ ಹಕ್ಕಿ ಬಂದಾಗ ಎಲ್ಲರೂ ಓಡಿದರು. ಹಾಲವ್ವ ಓಡಲಿಲ್ಲ. ಗೋಡೆಯ ಮೇಲೆ ಕೂತ ಹಕ್ಕಿಯನ್ನು ಮೊದಲ ಸಲ ಸರಿಯಾಗಿ ನೋಡಿದಳು. ಅದರ ಕಾಲಿನ ಮಾಂಸದೊಳಗೆ ಕಬ್ಬಿಣದ ಬಳೆಯೊಂದು ಹೂತುಹೋಗಿತ್ತು.

"ಅಯ್ಯೋ ತಾಯಿ, ನಿನಗೂ ನೋವೇ?"

ಹಕ್ಕಿ ಮಾತಾಡಿತು: "ಇದು ಧೂಮಾಕ್ಷನ ಬಳೆ. ಅವನ ಶಕ್ತಿಯೆಲ್ಲ ಇದರಲ್ಲಿದೆ. ಇದು ಚುಚ್ಚಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಇದನ್ನು ತೆಗೆಯಲು ಹತ್ತಿರ ಬಂದವರು ಯಾರೂ ಇಲ್ಲ."

ಹಾಲವ್ವ ಒದ್ದೆ ಗೋಣಿ ಹೊದ್ದು ಹತ್ತಿರ ಹೋದಳು. ಕೆಂಚಯ್ಯ ಓಡಿಬಂದು ಅವಳ ಮೇಲೆ ಕೊಡಗಟ್ಟಲೆ ನೀರು ಸುರಿದ. ಬಳೆಯ ಬೆಸುಗೆಗೆ ಉಳಿಯಿಟ್ಟು ಕಲ್ಲಿನಿಂದ ಹೊಡೆದಳು. ಮೊದಲ ಏಟಿಗೆ ಅವಳ ಕೂದಲು ಸೀದುಹೋಯಿತು. ಎರಡನೆಯದಕ್ಕೆ ಹಕ್ಕಿ ಚೀರಿತು, ಗೋಡೆಯ ಕಲ್ಲುಗಳು ಉರುಳಿದವು. ಮೂರನೆಯ ಏಟಿಗೆ ಬಳೆ ತುಂಡಾಯಿತು.

ಹಕ್ಕಿಯ ಮೈಯ ಬೆಂಕಿ ಆರಿತು. ಅದರಡಿ ಎಳೆ ಹಸಿರು ಗರಿಗಳಿದ್ದವು. ಬೆಟ್ಟದ ಮೇಲೆ ಧೂಮಾಕ್ಷ ಹೊಗೆಯಾಗಿ ಕರಗಿದ. ಒಂದು ಗಾಳಿ ಬೀಸಿತು, ಆ ಹೊಗೆಯೂ ಹೋಯಿತು. ಹಕ್ಕಿ ಹಾಲವ್ವನ ಹೆಗಲಿಗೆ ಕೊಕ್ಕು ತಾಗಿಸಿ ಹಾರಿಹೋಯಿತು. ಗಂಡಹೆಂಡಿರು ಕೆಸರಲ್ಲೇ ಕೂತು ದಣಿವಾರಿಸಿಕೊಂಡರು.

ಮಳೆಗಾಲಕ್ಕೆ ಮುಂಚೆ ಉರುಳಿದ ಗೋಡೆಯನ್ನು ಮತ್ತೆ ಕಟ್ಟಿ, ಮನೆಗೆ ಹಂಚು ಹೊದಿಸಿದರು. ಹಾಲವ್ವನ ಕೈ ಮಾತ್ರ ನಿಧಾನವಾಗಿ ವಾಸಿಯಾಯಿತು. ಆಮೇಲೆ ಕೆತ್ತಿದ ಮೊದಲ ಗೊಂಬೆ ರಾಣಿಯದು, ಅದರ ಮೂಗು ಸೊಟ್ಟಗಾಯಿತು.

"ಅಜ್ಜನ ಗೊಂಬೆಗಳ ಹಾಗಿಲ್ಲ," ಎಂದು ಹಾಲವ್ವ ಕೊರಗಿದಳು.

"ಅಜ್ಜನ ಮೊದಲನೆಯ ಗೊಂಬೆಯನ್ನು ನೀನು ಕಂಡಿದ್ದೀಯಾ?" ಎನ್ನುತ್ತ ಕೆಂಚಯ್ಯ ಅದಕ್ಕೆ ದಾರ ಕಟ್ಟಿದ.

ಸೊಟ್ಟಮೂಗಿನ ರಾಣಿಯ ಆಟ ನೋಡಲು ರಾಜನೇ ಬಂದು ಅಂಗಳದಲ್ಲಿ ಚಾಪೆಯ ಮೇಲೆ ಕೂತ. ಅಲ್ಲಿಂದಾಚೆ ಮೇಘಾವತಿಯಲ್ಲಿ ಯಾರೂ ಮಧ್ಯಾಹ್ನದ ಆಕಾಶಕ್ಕೆ ಹೆದರಲಿಲ್ಲ. ಹಾಲವ್ವ ಕೆಂಚಯ್ಯ ಹೊಸ ಮನೆಯಲ್ಲಿ ತುಂಬು ಕಾಲ ಸುಖವಾಗಿ ಬಾಳಿದರು. ನೆಂಟರು ಬಂದರೆ ಮಲಗಲು ಜಾಗ ಸಾಲದಷ್ಟು ಗೊಂಬೆಗಳು ಆ ಮನೆ ತುಂಬಿದವು.