ಟೈ ಮೇಲಿನ ಸಾರು

ಸಾಂತಾ ಕ್ರೂಸ್‌ನ ವಕೀಲೆ ಮೈತೆ ಹುಸ್ಟಿನಿಯಾನೋ ಯಾವ ಕೋರ್ಟಿನಲ್ಲೂ ಬೆವರಿದವಳಲ್ಲ. ಆದರೆ ಲಾ ಪಾಸ್ ಕೋರ್ಟಿನ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳಿಗೆ ಏದುಸಿರು ಹತ್ತಿತು. ಕೆಳನಾಡಿನ ಸೆಕೆಯಲ್ಲಿ ಬೆಳೆದವಳಿಗೆ ಬೆಟ್ಟದ ನೆತ್ತಿಯ ಈ ಊರಿನ ತೆಳು ಗಾಳಿ ಎಲ್ಲಿ ಸಾಕಾಗಬೇಕು! ಗೋಡೆ ಹಿಡಿದು ನಿಂತಾಗ ಯಾರೋ, ಎತ್ತರದ ಸುಸ್ತಿಗೆ ಇಲ್ಲಿ ಎಲ್ಲರೂ ಕುಡಿಯುವ ಕೋಕಾ ಎಲೆಯ ಚಹಾ ಮುಂದೆ ಹಿಡಿದರು.

"ಕುಡೀರಿ ವಕೀಲಮ್ಮ. ನಿಮ್ಮ ಕಡೆಯವ್ರು ಇಲ್ಲಿಗೆ ಬಂದ್ರೆ ಮೊದಲು ಮಾತು ನಿಲ್ಲುತ್ತೆ, ಆಮೇಲೆ ಕಾಲು."

"ನೀವ್ಯಾರು?"

"ಇವಾರ್ ಕಲ್ಲಿಸಾಯಾ. ಎದುರು ಪಾರ್ಟಿ ವಕೀಲ."

ಎದುರಾಳಿ ಕೊಟ್ಟದ್ದನ್ನು ಕುಡಿಯುವಷ್ಟು ಪೆದ್ದಿಯಲ್ಲ ಎಂದು ಅವಳು ಲೋಟ ವಾಪಸು ಕೊಟ್ಟಳು. ಅವನು ತಾನೇ ಒಂದು ಗುಟುಕು ಕುಡಿದು ತೋರಿಸಿ, ನಕ್ಕು, ಮತ್ತೆ ಅವಳ ಕೈಗಿಟ್ಟ. ನಗು ಬಂದು ಒಂದು ಗಳಿಗೆಯಾದ ಮೇಲೆ ಅವನ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಇದೊಂದು ಬಾಕಿ ಇತ್ತು ನನಗೆ ಎಂದುಕೊಂಡಳು ಮೈತೆ. ಚಹಾ ಮಾತ್ರ ಪೂರ್ತಿ ಕುಡಿದಳು.

ವ್ಯಾಜ್ಯ ಮರದ್ದು. ಅವಳ ಕಕ್ಷಿದಾರ ಮಾರಿದ ಹಲಗೆಗಳು ಇಲ್ಲಿನ ಒಣಚಳಿಗೆ ಸೀಳಿದವೆಂದು ಇವಾರ್‌ನ ಕಡೆಯ ಬಡಗಿಗಳು ದಾವೆ ಹೂಡಿದ್ದರು. ಮೂರು ದಿನ ಇಬ್ಬರೂ ಹಾವು ಮುಂಗುಸಿಯಂತೆ ಕಾದಾಡಿದರು. ಅವಳು ವಾದಿಸುವಾಗ ಅವನು ಪೆನ್ನು ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ. ಅವಳು ತಿರುಗಿದರೆ ಕಿಟಕಿ ನೋಡುತ್ತಿದ್ದ. ದಿನಾ ಬೆಳಿಗ್ಗೆ ಅವಳ ಮೇಜಿನ ಮೇಲೆ ಚಹಾ ಬಂದಿರುತ್ತಿತ್ತು. ಅದರಾಚೆಗೆ ಒಂದು ಮಾತಿಲ್ಲ. ಕೇಸು ನಡೆಯುವಾಗ ಒಲವಿನ ಮಾತಾಡಿದರೆ ನಂಬಿದ ಕಕ್ಷಿದಾರರಿಗೆ ದ್ರೋಹ. ಅದು ಇಬ್ಬರಿಗೂ ಗೊತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ರಾಜಿಯಾಯಿತು. ಸೀಳಿದ ಹಲಗೆಗಳಲ್ಲಿ ಅರ್ಧದಷ್ಟನ್ನು ಬದಲಿಸಿಕೊಡುವುದೆಂದು ಸಹಿ ಬಿತ್ತು. ಮಧ್ಯಾಹ್ನ ಅವಳ ವಿಮಾನ. ಇವನು ಇನ್ನೂ ಬಾಯಿ ಬಿಡದಿದ್ದರೆ ನಾನೇ ಬಿಡುತ್ತೇನೆ, ನನಗೇನು ನಾಚಿಕೆ ಎಂದು ಅವಳು ನಿರ್ಧರಿಸಿಬಿಟ್ಟಿದ್ದಳು. ಅಷ್ಟರಲ್ಲಿ ಅವನೇ, ಅಂಗಡಿಯಲ್ಲಿ ಸಾಲ್ತೇನ್ಯ ಖಾಲಿಯಾಗುವ ಮೊದಲು ತಿಂದು ಬರೋಣ ಎಂದು ಕರೆದ.

ಬೀದಿ ಬದಿ ನಿಂತು ತಿನ್ನುವ ಬಿಸಿ ಕಡುಬು ಅದು, ಒಳಗೆಲ್ಲ ಮಾಂಸದ ಸಾರು. ನೆಟ್ಟಗೆ ಹಿಡಿದು, ತುದಿ ಕಚ್ಚಿ, ಸಾರು ಹೀರಬೇಕು. ಚೆಲ್ಲಿದವರು ಮುಂದಿನ ಸಲ ಜೊತೆಯವರಿಗೆ ತಿನ್ನಿಸಬೇಕು. ಅದು ಅವಳ ಊರಿನಲ್ಲೂ ನಡೆಯುವ ಪಂದ್ಯವೇ. ಹುಟ್ಟಿದಾಗಿನಿಂದ ಒಂದು ಹನಿ ಚೆಲ್ಲಿಲ್ಲ ಎಂದು ಅವನು ಕೊಚ್ಚಿಕೊಂಡ. ಎರಡನೆಯ ಕಡಿತಕ್ಕೇ ಸಾರು ಅವನ ನೀಲಿ ಟೈ ಮೇಲೆ ಸುರಿಯಿತು.

"ಬೇಕಂತಲೇ ಚೆಲ್ಲಿದ್ರಿ," ಎಂದಳು ಮೈತೆ.

"ಸಾಕ್ಷಿ?"

"ಮೂರು ದಿನದಿಂದ ನಿಮ್ಮ ಕೈನೇ ನೋಡ್ತಿದ್ದೀನಿ. ಅದು ನಡುಗೋ ಕೈಯಲ್ಲ."

ಅವನು ಟೈ ಒರೆಸಿಕೊಳ್ಳಲೂ ಇಲ್ಲ. "ತಪ್ಪೊಪ್ಪಿಗೆ ಬರ್ಕೊಳ್ಳಿ. ನೀವಂದ್ರೆ ನನಗೆ ಪ್ರಾಣ. ನಿಮ್ಮೂರಿಗೆ ಬರೋಕೆ ಒಂದು ನೆಪ ಬೇಕಿತ್ತು. ಶನಿವಾರ ಬರ್ತೀನಿ."

ಅವಳ ಎದೆ ಹೊಡೆದುಕೊಂಡಿತು. ಈ ಸಲ ತಪ್ಪು ಊರಿನ ಗಾಳಿಯದಲ್ಲ. ಅವಳು ತನ್ನ ಕೈಯಲ್ಲಿದ್ದ ಸಾಲ್ತೇನ್ಯವನ್ನು, ಅವನು ನೋಡುತ್ತಿದ್ದಂತೆಯೇ, ನಿಧಾನವಾಗಿ ಓರೆ ಮಾಡಿದಳು. ಸಾರು ಅವಳ ಬಿಳಿ ಅಂಗಿಯ ತೋಳಿನ ಉದ್ದಕ್ಕೂ ಇಳಿಯಿತು.

"ಶನಿವಾರ ನೀನು ಬಾ. ನಮ್ಮ ಸೆಕೆಗೆ ಟೈ ಬೇಡ," ಎಂದಳು. "ಅದರ ಮುಂದಿನ ವಾರ ನಾನು ಬರ್ತೀನಿ. ಚಹಾ ಇಟ್ಟಿರು."