ಬದುವಿನ ಸಾಲು

ದಡ್ಡಿ ಊರಿನ ಅಪ್ಪನ ಹೊಲದಲ್ಲಿ ಅಕ್ಕ ಗೌರಕ್ಕ ಕಾಯಿದೆ ಪ್ರಕಾರ ಅರ್ಧ ಪಾಲು ತೆಗೆದುಕೊಂಡದ್ದನ್ನು ರಾವಸಾಹೇಬ ಹೇಗೋ ನುಂಗಿಕೊಂಡಿದ್ದ. ನುಂಗಲಾಗದ್ದು, ಆ ಪಾಲು ಹಸಿರಾದದ್ದು.

ಅಪ್ಪ ಹಚ್ಚಿದ್ದ ಸರ್ವೆ ತೋಪಿಗೆ ತೊಗಟೆ ತಿನ್ನುವ ಹುಳ ಬಿದ್ದು, ಸೂಜಿಯಂಥ ಎಲೆಯೆಲ್ಲ ಉದುರಿ ಹೋದಾಗ, ಅಕ್ಕ ಬೇಸತ್ತು ತನಗೇ ಮಾರಿಬಿಡುತ್ತಾಳೆಂದು ಕಾದಿದ್ದ. ತನ್ನ ಪಾಲಿನ ಪಟ್ಟಿಯಲ್ಲಿ ಕಡ್ಡಿಯೂ ಉಳಿಯದಂತೆ ಕಿತ್ತು ಶ್ರೀಗಂಧ ಹಚ್ಚಿದ. ಅವನ ಮುಂದಿನ ಬದುಕೆಲ್ಲ ಆ ಗಂಧವೇ. ಅಕ್ಕನ ಪಟ್ಟಿಗೂ ಅದನ್ನೇ ಹಬ್ಬಿಸಬೇಕು. ಅವಳೋ ಮೂಡಲಗಿಯಿಂದ ಬಸ್ಸಿನಲ್ಲಿ ಸಸಿ ಹೊತ್ತು ತಂದು ಬೇವು, ಹೊಂಗೆ, ನೇರಳೆ, ಅತ್ತಿ ಎಲ್ಲ ಬೆರೆಸಿ ಹಚ್ಚಿದಳು.

"ಏನಕ್ಕಾ, ಗಿಡಾ ಹಚ್ಚೀದಿ ಏನ ಬೀಗರನ್ನ ಕೂಡಿಸೀದಿ? ಒಬ್ಬರ ಮಾರಿ ಒಬ್ಬರಿಗೆ ಗುರ್ತಿಲ್ಲ."

"ಒಂದ ಜಾತಿ ಹಚ್ಚಿದ್ರ ಹುಳಕ್ಕ ಪಂಗ್ತಿ ಹಾಕಿ ಬಡಿಸಿಧಂಗ, ತಮ್ಮಾ. ನಾ ಇಲ್ಲದಾಗ ಒಂದೀಟ ನೋಡ್ಕೊ."

ನೋಡಿಕೊಂಡ. ಗಿಡಗಳು ಅವನ ತಲೆ ಮೀರಿದವು. ಹುಕ್ಕೇರಿಯಿಂದ ಯಾರ್ಯಾರೋ ಬಂದು ಅವನ್ನು ಹೊಗಳಿ, ಅವನ ಗಂಧದ ಕಡೆ ಕತ್ತು ಕೂಡ ತಿರುಗಿಸದೆ ಹೋದರು. ಅವತ್ತೇ ಅವನು ನಿರ್ಧರಿಸಿದ: ಹುಳ ಮರಳಿ ಬರಬೇಕು.

ಯೋಚನೆ ಅಚ್ಚುಕಟ್ಟಾಗಿತ್ತು. ಅಕ್ಕ ಬರುವುದು ಭಾನುವಾರ ಮಾತ್ರ. ಉಳಿದ ದಿನ ಹಾಡುಹಗಲೇ ಅವಳ ಹೊಲದಲ್ಲಿ ತಿರುಗಾಡಲು ಅವಳದೇ ಅಪ್ಪಣೆ. ಯಾರಿಗೂ ಗುರುತು ಹತ್ತದಿರಲೆಂದು ಕಳೆನಾಶಕವನ್ನು ದೂರದ ಗೋಕಾಕದಲ್ಲಿ ಕೊಂಡ. ಈ ಹುಳಕ್ಕೆ ಬೇವು, ನೇರಳೆ ಎಂಬ ಭೇದವಿಲ್ಲವೆಂದು ಮೊದಲೇ ವಿಚಾರಿಸಿಟ್ಟಿದ್ದ. ಅದು ಕೊರೆಯುವ ಕವಲಿನಲ್ಲೇ, ಅದು ಕೊರೆಯುವಷ್ಟೇ ತೂತು ಕೊರೆದ. ಸಿರಿಂಜಿನಿಂದ ಔಷಧ ಬಿಟ್ಟ. ತನ್ನ ಗಂಧಕ್ಕೆ ಅಪಾಯವಾದೀತೆಂದು ನೆಲಕ್ಕೆ ಹನಿಯೂ ಬೀಳಗೊಡಲಿಲ್ಲ. ಹಳೆಯ ಸರ್ವೆ ಕಟ್ಟಿಗೆಯಿಂದ ಕೆರೆದ ಹುಳದ ಹಿಕ್ಕೆಯನ್ನು ತೂತಿನ ಬಾಯಿಗೆ ಮೆತ್ತಿದ. ಹುಳ ಕೂಡ ಮೋಸಹೋಗಬೇಕು, ಹಾಗೆ. ಎರಡೂ ಪಟ್ಟಿಗಳ ನಡುವೆ ಅಕ್ಕ ಹಚ್ಚಿದ್ದ ಬದುವಿನ ಸಾಲಿನಿಂದಲೇ ಶುರು ಮಾಡಿದ; ದೂರದಿಂದ ಕಂಡವರಿಗೆ ಅವನು ತನ್ನ ಹೊಲದಲ್ಲೇ ದುಡಿಯುವಂತಿತ್ತು.

ಎಲೆಗಳು ಸುಟ್ಟಂತಾದವು. ಭಾನುವಾರ ಬಂದ ಗೌರಕ್ಕ ತೂತು ಸವರಿ ನೋಡಿದಳು.

"ಮತ್ತ ಬಂತಲ್ಲೋ ರಾವಸಾ. ನನ್ನ ಕೈಲೆ ಇನ್ನ ಆಗೂದಿಲ್ಲ. ನೀನ ತಗೋ."

"ಛೇ, ಹಂಗ್ಯಾಕ ಅಂತೀ ಅಕ್ಕಾ," ಎಂದು ಅವನು ಕಣ್ಣೊರೆಸಿಕೊಂಡ. ಕಣ್ಣಲ್ಲಿ ನೀರು ಖರೇನೇ ಬಂದಿತ್ತು. ಅದು ಅವನಿಗೂ ಮೆಚ್ಚಿಗೆಯಾಯಿತು. ಹುಕ್ಕೇರಿಯ ಕಚೇರಿಯಲ್ಲಿ ಅವಳು ಸಹಿ ಹಾಕಿದಳು.

ಅದಾದ ಮೇಲೆ ಗಂಧ ಹಳದಿಗೆ ತಿರುಗಿತು. ನೀರು ಹಾಯಿಸಿದ, ಗೊಬ್ಬರ ಸುರಿದ, ಮಜ್ಜಿಗೆ ಎರೆದ. ದಿನವೂ ಎಲೆ ಉದುರುತ್ತಿತ್ತು. ಕಾಂಡದಲ್ಲಿ ಹುಡುಕಿದ, ಒಂದು ತೂತೂ ಇಲ್ಲ. ಯಾರನ್ನಾದರೂ ಕೇಳಬೇಕೆಂದರೆ, ಬಂದವರು ಮೊದಲು ನೋಡುವುದೇ ಬದುವಿನ ಸಾಲನ್ನು. ಕೇಳಲಿಲ್ಲ.

ಸಲಿಕೆ, ಬುಟ್ಟಿ ಒಯ್ಯಲು ಬಂದ ಗೌರಕ್ಕ ಬೋಳು ಗಂಧದ ಮುಂದೆ ನಿಂತಳು. "ಗಂಧಾ ತನ್ನ ಬೇರಿಲೆ ಪೂರಾ ಉಣ್ಣೂದಿಲ್ಲೋ ತಮ್ಮಾ. ಬಾಜೂ ಗಿಡದ ಬೇರಿಗೆ ಬಾಯಿ ಹಚ್ಚಿ ಕುಡೀತೈತಿ. ನೀ ನಿನ್ನ ಹೊಲದಾಗ ಬ್ಯಾರೆ ಒಂದ ಗಿಡಾನೂ ಇಡಲಿಲ್ಲ. ಅದಕ್ಕ ಬದುವಿನ ಆ ಸಾಲು ನಿನ್ನ ಗಂಧಕ್ಕಂತನ ಹಚ್ಚಿದ್ನಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅವು ಕುಡದದ್ದ ಇವೂ ಕುಡದಾವ. ಏನ ಕುಡದಿದ್ವೋ, ಪಾಪ!"